ಟೀ ಶರ್ಟಿನ ಉಪ್ಪಿನ ಲೆಕ್ಕ: ಗ್ರೀನ್ ಸಪ್ಲೈ ಚೈನ್ ಖರ್ಚು ಯಾರ ತಲೆ ಮೇಲೆ?

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಮೆಟ್ರೋದಲ್ಲೋ ಆಫೀಸ್ ಕ್ಯಾಬ್‌ನಲ್ಲೋ ಕೂತು ಓದ್ಕೊಳ್ಳಿ.

ಪುಣೆ, ಚೆನ್ನೈ, ಹೈದರಾಬಾದ್, ಮುಂಬೈ, ದಿಲ್ಲಿ, ಎಲ್ಲೇ ಇರಿ, ಐಟಿಯಲ್ಲಿದ್ದೀರಿ ಅಂದ್ರೆ ನಿಮ್ಮ ಬೀರುವಿನಲ್ಲಿ ಕಂಪನಿ ಲೋಗೋ ಇರೋ ಟೀ ಶರ್ಟ್ ಒಂದಾದರೂ ಇದ್ದೇ ಇರತ್ತೆ. ಆ್ಯನುಯಲ್ ಡೇಗೆ ಒಂದು, ಹ್ಯಾಕಥಾನ್‌ಗೆ ಒಂದು, ಹತ್ತು ಕಿಲೋಮೀಟರ್ ಓಟಕ್ಕೆ ಇನ್ನೊಂದು. ಬಣ್ಣ ಹೆಚ್ಚಾಗಿ ಕಪ್ಪು ಇಲ್ಲವೇ ನೇವಿ ಬ್ಲೂ. ವಿಶ್ವ ಪರಿಸರ ದಿನಕ್ಕೆ ಕೊಟ್ಟಿದ್ದಾದರೆ ಕಡು ಹಸಿರು. ಆ ಟೀ ಶರ್ಟ್ ತಮಿಳುನಾಡಿನ ತಿರುಪ್ಪೂರಿನದ್ದಾಗಿರುವ ಸಾಧ್ಯತೆ ಬಹಳ ಹೆಚ್ಚು. ಭಾರತದ ಹೆಣಿಗೆ ಉಡುಪುಗಳ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆ ಒಂದು ಊರಿನದು. ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮೀರಿದ ವ್ಯವಹಾರ.

ಇವತ್ತು ನಾನು ಮಾತಾಡ್ತಿರೋ ವಿಷಯ ಗ್ರೀನ್ ಸಪ್ಲೈ ಚೈನ್. ಅಂದರೆ, ಒಂದು ವಸ್ತು ನಮ್ಮ ಕೈಗೆ ಬರೋವರೆಗೆ ಯಾರ್ಯಾರ ಕೈ ದಾಟಿ ಬರತ್ತೋ ಆ ಇಡೀ ಸರಪಳಿಯಲ್ಲಿ ನೀರು, ಗಾಳಿ, ಮಣ್ಣು ಕೆಡದ ಹಾಗೆ ನೋಡಿಕೊಳ್ಳೋದು. ನಮ್ಮಂಥ ದೇಶಗಳ ಕಾರ್ಖಾನೆಗಳಲ್ಲಿ ಇದು ಹೇಗೆ ನಡೀತಿದೆ ಅಂತ ಅರ್ಥ ಮಾಡ್ಕೊಳ್ಳೋಕೆ ತಿರುಪ್ಪೂರಿಗಿಂತ ಒಳ್ಳೆ ಉದಾಹರಣೆ ನನಗೆ ಕಾಣ್ತಿಲ್ಲ. ಅಲ್ಲಿ ತಂತ್ರಜ್ಞಾನ ಇದೆ, ಕಾನೂನು ಇದೆ, ವಿದೇಶಿ ಬ್ರ್ಯಾಂಡ್‌ಗಳ ಒತ್ತಡವೂ ಇದೆ. ಆದರೂ ಒಂದು ಪ್ರಶ್ನೆ ಬಗೆಹರಿದಿಲ್ಲ. ಹಸಿರಾಗೋ ಖರ್ಚು ಯಾರು ಕೊಡಬೇಕು?

ಒಂದು ಟೀ ಶರ್ಟಿಗೆ ಎಷ್ಟು ಉಪ್ಪು?

ಮೊದಲು ಬಣ್ಣ ಹಾಕೋದು ಹೇಗೆ ಅಂತ ನೋಡೋಣ. ಹತ್ತಿ ಬಟ್ಟೆಗೆ ಹಾಕೋದು ಬಹುಮಟ್ಟಿಗೆ ರಿಯಾಕ್ಟಿವ್ ಡೈ ಅನ್ನೋ ಬಣ್ಣ. ನೀರಿನಲ್ಲಿ ಮುಳುಗಿದಾಗ ಹತ್ತಿಯ ನೂಲಿಗೂ ಋಣ ವಿದ್ಯುದಂಶ, ಬಣ್ಣಕ್ಕೂ ಋಣ ವಿದ್ಯುದಂಶ. ಎರಡೂ ಒಂದನ್ನೊಂದು ದೂರ ತಳ್ಳತ್ವೆ. ಈ ಜಗಳ ಬಿಡಿಸೋಕೆ ಉಪ್ಪು ಸುರೀತಾರೆ. ಉಪ್ಪಿನಿಂದಾಗಿ ಬಣ್ಣ ನೀರು ಬಿಟ್ಟು ನೂಲಿಗೆ ಹತ್ತಿರವಾಗತ್ತೆ. ಆಮೇಲೆ ಸೋಡಾ ಆಶ್ ಹಾಕಿದಾಗ ಗಟ್ಟಿಯಾಗಿ ಅಂಟಿಕೊಳ್ಳತ್ತೆ. ಕೆಲವರು ಸಾಮಾನ್ಯ ಉಪ್ಪನ್ನೇ ಬಳಸ್ತಾರೆ, ಕೆಲವರು ಸೋಡಿಯಂ ಸಲ್ಫೇಟ್.

ಬಣ್ಣ ಕಡುವಾದಷ್ಟೂ ಉಪ್ಪು ಜಾಸ್ತಿ. ಕಪ್ಪು ಅಥವಾ ನೇವಿ ಬಣ್ಣಕ್ಕೆ ಲೀಟರ್ ನೀರಿಗೆ 80 ಗ್ರಾಂ ಉಪ್ಪು ಅಂತ ಇಟ್ಕೊಳ್ಳಿ. ಈಗಿನ ಒಳ್ಳೆ ಮೆಷಿನ್‌ನಲ್ಲಿ ಒಂದು ಕಿಲೋ ಬಟ್ಟೆಗೆ ಆರು ಲೀಟರ್ ನೀರು. ಅಂದರೆ ಕಿಲೋ ಬಟ್ಟೆಗೆ ಹತ್ತಿರ ಹತ್ತಿರ ಅರ್ಧ ಕಿಲೋ ಉಪ್ಪು. ಒಂದು ಟೀ ಶರ್ಟ್ 200 ಗ್ರಾಂ ತೂಕ ಇದ್ದರೆ ಅದರ ಪಾಲಿಗೆ ಸುಮಾರು 100 ಗ್ರಾಂ. ನಾಲ್ಕು ಜನರ ಮನೆಯಲ್ಲಿ ಎರಡು ಮೂರು ದಿನದ ಅಡುಗೆಗೆ ಸಾಕಾಗುವಷ್ಟು. ನಿಮ್ಮ ಕಂಪನಿ ಸಾವಿರ ಜನಕ್ಕೆ ಕಪ್ಪು ಟೀ ಶರ್ಟ್ ಹಂಚಿತು ಅಂದರೆ ಐವತ್ತು ಕಿಲೋದ ಎರಡು ಮೂಟೆ ಉಪ್ಪು ಖರ್ಚಾಯ್ತು ಅಂತಾಯ್ತು.

ಈ ಉಪ್ಪು ಬಟ್ಟೆಗೆ ಅಂಟಲ್ಲ. ಅದರ ಕೆಲಸ ಬಣ್ಣವನ್ನ ತಳ್ಳೋದು ಅಷ್ಟೇ. ಕೆಲಸ ಮುಗಿದ ಮೇಲೆ ಪೂರ್ತಿ ನೀರಿನ ಜೊತೆ ಹೊರಗೆ ಬರತ್ತೆ. ನೀರಿನ ಬಣ್ಣ ತೆಗೀಬಹುದು, ಬ್ಯಾಕ್ಟೀರಿಯಾ ಬಿಟ್ಟು ಕೊಳೆ ತಿನ್ನಿಸಬಹುದು. ಕರಗಿದ ಉಪ್ಪನ್ನ ತಿನ್ನೋ ಬ್ಯಾಕ್ಟೀರಿಯಾ ಇಲ್ಲ. ನದಿಗೆ ಬಿಡೋ ನೀರಿನಲ್ಲಿ ಕರಗಿದ ಲವಣ ಲೀಟರ್‌ಗೆ 2,100 ಮಿಲಿಗ್ರಾಂ ದಾಟಬಾರದು ಅನ್ನೋದು ನಿಯಮ. ಡೈಯಿಂಗ್ ಯೂನಿಟ್‌ನಿಂದ ಬರೋ ನೀರಿನಲ್ಲಿ ಅದರ ಎರಡು ಮೂರು ಪಟ್ಟು ಇರೋದು ಸಾಮಾನ್ಯ.

ನೀರು ನಿಲ್ಲಿಸಬೇಡಿ ಅಂದ ರೈತರು

ತಿರುಪ್ಪೂರಿನ ಮಧ್ಯೆ ಹರಿಯೋ ನದಿ ನೊಯ್ಯಲ್. ಪಶ್ಚಿಮ ಘಟ್ಟದ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರು ದಾಟಿ, ಕರೂರು ಜಿಲ್ಲೆಯಲ್ಲಿ ಕಾವೇರಿ ಸೇರತ್ತೆ. ಹೌದು, ನಮ್ಮ ಕೊಡಗಿನಿಂದ ಹೊರಟ ಅದೇ ಕಾವೇರಿ.

ಮೊದಲೆಲ್ಲ ತಿರುಪ್ಪೂರು ಅಂದರೆ ಬಿಳಿ ಬನಿಯನ್. 1980ರ ದಶಕದಿಂದ ರಫ್ತು ಬೆಳೀತಾ ಹೋದ ಹಾಗೆ ಬಣ್ಣದ ಬಟ್ಟೆಗೆ ಬೇಡಿಕೆ ಬಂತು, ನದಿಯ ಆಸುಪಾಸಿನಲ್ಲಿ ನೂರಾರು ಡೈಯಿಂಗ್ ಯೂನಿಟ್‌ಗಳು ಎದ್ದವು. 1990ರ ದಶಕದ ಆರಂಭದಲ್ಲಿ ಕೆಳಭಾಗದ ರೈತರಿಗೆ ಅನುಕೂಲ ಆಗಲಿ ಅಂತ ಒರತ್ತುಪಾಳಯಂನಲ್ಲಿ ಸರ್ಕಾರ ಅಣೆಕಟ್ಟು ಕಟ್ಟಿತು. ಆದರೆ ಅಲ್ಲಿ ಬಂದು ನಿಂತಿದ್ದು ಡೈಯಿಂಗ್ ನೀರು. ಸುತ್ತಲಿನ ಬಾವಿಗಳು ಉಪ್ಪಾದವು, ಹೊಲಗಳ ಮಣ್ಣು ಕೆಟ್ಟಿತು. ಕೊನೆಗೆ ರೈತರೇ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಬೇಡಿ ಅಂತ ಕೇಳೋ ಪರಿಸ್ಥಿತಿ ಬಂತು. ನೀರಿಗಾಗಿ ಹೋರಾಡೋ ರೈತರನ್ನ ನಾವು ಕಂಡಿದ್ದೀವಿ. ತಮಗೋಸ್ಕರ ಕಟ್ಟಿದ ಅಣೆಕಟ್ಟಿನ ನೀರೇ ಬೇಡ ಅನ್ನೋದು ಎಂಥ ಸ್ಥಿತಿ, ಯೋಚನೆ ಮಾಡಿ.

ನೊಯ್ಯಲ್ ಅಚ್ಚುಕಟ್ಟಿನ ರೈತರ ಸಂಘ ಮದ್ರಾಸ್ ಹೈಕೋರ್ಟಿಗೆ ಹೋಯ್ತು. 2006ರ ಕೊನೆಯಲ್ಲಿ ಹೈಕೋರ್ಟ್, ಒಂದು ಹನಿ ತ್ಯಾಜ್ಯನೀರೂ ಹೊರಗೆ ಹೋಗದ ವ್ಯವಸ್ಥೆ ಮಾಡಿಕೊಳ್ಳಿ ಅಂತ ಗಡುವು ಕೊಟ್ಟಿತು. 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಆದರೂ ಆದೇಶ ಪೂರ್ತಿ ಜಾರಿಯಾಗಲಿಲ್ಲ. 2011ರ ಜನವರಿ 28ರಂದು ಹೈಕೋರ್ಟ್ ಎಲ್ಲ ಡೈಯಿಂಗ್ ಯೂನಿಟ್‌ಗಳನ್ನೂ ಮುಚ್ಚಿ ಅಂತ ಆದೇಶಿಸಿತು. 700ಕ್ಕೂ ಹೆಚ್ಚು ಯೂನಿಟ್‌ಗಳು ಬಾಗಿಲು ಹಾಕಿದವು.

ಇಲ್ಲಿ ಒಂದು ವಿಷಯ ಗಮನಿಸಿ. ಈ ಬದಲಾವಣೆ ತಂದಿದ್ದು ಯಾವ ಬ್ರ್ಯಾಂಡಿನ ಸಸ್ಟೈನಬಿಲಿಟಿ ರಿಪೋರ್ಟೂ ಅಲ್ಲ. ಕೋರ್ಟ್ ಮೆಟ್ಟಿಲು ಹತ್ತಿದ ರೈತರು.

ಊರು ನೀರನ್ನ ಶುದ್ಧ ಮಾಡಿದ ಬಗೆ

ಮುಚ್ಚಿದ ಮೇಲೆ ಏನಾಯ್ತು? ರಫ್ತುದಾರರು ಬಣ್ಣ ಹಾಕಿಸೋಕೆ ಬಟ್ಟೆಯನ್ನ ಬೇರೆ ಊರುಗಳಿಗೆ ಕಳಿಸಿದರು. ಅಕ್ಕಪಕ್ಕದ ಜಿಲ್ಲೆಗಳಲ್ಲಿ ಕದ್ದುಮುಚ್ಚಿ ಡೈಯಿಂಗ್ ಶುರುವಾಯ್ತು. ಒಂದು ಕಡೆ ಒತ್ತಿದರೆ ಮಾಲಿನ್ಯ ಇನ್ನೊಂದು ಕಡೆ ಉಬ್ಬಿತು.

ಇನ್ನೊಂದು ಬೆಳವಣಿಗೆಯೂ ಆಯ್ತು. ತಮಿಳುನಾಡು ಸರ್ಕಾರ 200 ಕೋಟಿ ರೂಪಾಯಿ ಬಡ್ಡಿ ಇಲ್ಲದ ಸಾಲ ಕೊಟ್ಟಿತು. ಸಾಮೂಹಿಕ ಶುದ್ಧೀಕರಣ ಘಟಕಗಳು ಹಂತ ಹಂತವಾಗಿ ಝೀರೋ ಲಿಕ್ವಿಡ್ ಡಿಸ್ಚಾರ್ಜ್‌ಗೆ ಬದಲಾದವು. ಹೆಸರು ದೊಡ್ಡದು, ಕೆಲಸ ಹೀಗೆ. ಯೂನಿಟ್‌ಗಳ ನೀರು ಪೈಪ್‌ನಲ್ಲಿ ಒಂದು ಕಡೆ ಸೇರತ್ತೆ. ಮೊದಲು ಬ್ಯಾಕ್ಟೀರಿಯಾ ಕೊಳೆ ತಿನ್ನತ್ವೆ. ಆಮೇಲೆ ಸೋಸಿ, ನಮ್ಮ ಮನೆಯ ಆರ್‌ಓ ಫಿಲ್ಟರ್ ಥರದ್ದೇ ಬೃಹತ್ ಆರ್‌ಓ ಮೂಲಕ ಹಲವು ಸಲ ಹಾಯಿಸ್ತಾರೆ. ಒಳ್ಳೆ ನೀರು ವಾಪಸ್ ಡೈಯಿಂಗ್‌ಗೆ. ಉಳಿದ ಉಪ್ಪುಪ್ಪು ನೀರನ್ನ ಎವಾಪರೇಟರ್‌ನಲ್ಲಿ ಕುದಿಸಿ ಆವಿ ಮಾಡಿ ಉಪ್ಪು ಹರಳು ತೆಗೀತಾರೆ. ಆ ಸೋಡಿಯಂ ಸಲ್ಫೇಟ್ ಮತ್ತೆ ಬಣ್ಣದ ತೊಟ್ಟಿಗೆ ಹೋಗತ್ತೆ. ಚೆನ್ನಾಗಿ ನಡೆಸಿದರೆ ನೂರು ಲೀಟರ್‌ನಲ್ಲಿ 90 ಲೀಟರ್‌ಗೂ ಹೆಚ್ಚು ನೀರು ವಾಪಸ್ ಸಿಗತ್ತೆ.

ಸಣ್ಣ ಸಣ್ಣ ಜಾಬ್ ವರ್ಕ್ ಯೂನಿಟ್‌ಗಳೇ ತುಂಬಿರೋ ಊರು ಇದನ್ನ ಮಾಡಿ ತೋರಿಸಿತು. ಆದರೆ ಕೊನೆಯಲ್ಲಿ ಎರಡು ಉಳಿದವು. ಒಂದು, ಬೇರ್ಪಡಿಸೋಕೆ ಆಗದ ಮಿಶ್ರ ಉಪ್ಪು. ಯಾರೂ ಕೊಳ್ಳಲ್ಲ, ಚೀಲದಲ್ಲಿ ತುಂಬಿ ಶೆಡ್‌ಗಳಲ್ಲಿ ಪೇರಿಸಿಟ್ಟಿರ್ತಾರೆ. ಇನ್ನೊಂದು, ಖರ್ಚು. ನೀರು ಕುದಿಸೋಕೆ ಬಾಯ್ಲರ್‌ಗೆ ಸೌದೆ ಇಲ್ಲವೇ ಕಲ್ಲಿದ್ದಲು ಬೇಕು, ಆರ್‌ಓ ಪಂಪ್‌ಗಳಿಗೆ ಕರೆಂಟು ಬೇಕು. ಆರ್‌ಓ ಮೆಂಬ್ರೇನ್ ಆಗಾಗ ಬದಲಿಸಬೇಕು. ಇದು ಒಂದು ಸಲ ಹಾಕಿ ಮರೆಯೋ ಬಂಡವಾಳ ಅಲ್ಲ, ಪ್ರತಿ ಕಿಲೋ ಬಟ್ಟೆಗೂ ಸೇರೋ ಖರ್ಚು.

ದುಡ್ಡು ಉಳಿಸೋ ಹಸಿರು, ದುಡ್ಡು ತಿನ್ನೋ ಹಸಿರು

ಈ ಕ್ಷೇತ್ರದಲ್ಲಿ ಬಹಳ ಉಲ್ಲೇಖವಾಗೋ ಸಂಶೋಧಕರು ಚಿಂಗ್‌ಹುವಾ ಝು ಮತ್ತು ಜೋಸೆಫ್ ಸಾರ್ಕಿಸ್. 2004ರಲ್ಲಿ ಚೀನಾದ ಕಾರ್ಖಾನೆಗಳ ಬಗ್ಗೆ ಅಧ್ಯಯನ ಪ್ರಕಟಿಸಿದರು. ಅವರ ಬರಹಗಳಲ್ಲಿ ಹಸಿರು ಕ್ರಮಗಳ ಒಂದು ಪಟ್ಟಿ ಬರತ್ತೆ: ಕಂಪನಿ ಒಳಗಿನ ಪರಿಸರ ನಿರ್ವಹಣೆ, ಪರಿಸರ ನೋಡಿ ಕಚ್ಚಾ ಮಾಲು ಕೊಳ್ಳೋದು, ಗ್ರಾಹಕರ ಜೊತೆ ಸೇರಿ ಕೆಲಸ ಮಾಡೋದು, ವಿನ್ಯಾಸದಲ್ಲೇ ಪರಿಸರದ ಯೋಚನೆ, ಮಿಕ್ಕ ಮಾಲು ಮತ್ತು ಗುಜರಿ ಮಾರಿ ಹಣ ವಾಪಸ್ ತರೋದು. ಕೊನೆಯದು ನಮಗೆ ಹೊಸದೇನಲ್ಲ. ತಿರುಪ್ಪೂರಿನ ಕತ್ತರಿ ಚೂರುಗಳಿಗೆ ಮೊದಲಿಂದಲೂ ಕೊಳ್ಳೋರಿದ್ದಾರೆ.

ನಾನು ಈ ಪಟ್ಟಿಯನ್ನ ನನ್ನ ಅನುಕೂಲಕ್ಕೆ ಎರಡೇ ಗುಂಪು ಮಾಡ್ಕೊಂಡಿದ್ದೀನಿ. ಮೊದಲನೆಯದು ದುಡ್ಡು ಉಳಿಸೋ ಹಸಿರು. ಕಡಿಮೆ ನೀರು ಕುಡಿಯೋ ಮೆಷಿನ್, ಎಲ್‌ಇಡಿ ದೀಪ, ಬಿಸಿ ನೀರಿನ ಶಾಖ ಮತ್ತೆ ಬಳಸೋದು, ಸ್ವಂತ ಗಾಳಿಯಂತ್ರ. ತಿರುಪ್ಪೂರಿನ ಎಷ್ಟೋ ಕಂಪನಿಗಳು ಗಾಳಿಯಂತ್ರದಲ್ಲಿ ಬಂಡವಾಳ ಹಾಕಿವೆ. ಇದಕ್ಕೆ ಯಾರೂ ಒತ್ತಾಯ ಮಾಡಬೇಕಿಲ್ಲ, ಲೆಕ್ಕ ತೋರಿಸಿದರೆ ಮಾಲೀಕರೇ ಮಾಡ್ತಾರೆ. ಎರಡನೆಯದು ದುಡ್ಡು ತಿನ್ನೋ ಹಸಿರು. ಉಪ್ಪು ನೀರು ಕುದಿಸೋದು ಈ ಜಾತಿಗೆ ಸೇರಿದ್ದು. ವಾಪಸ್ ಸಿಗೋ ನೀರು, ಉಪ್ಪಿನ ಬೆಲೆ ಕಳೆದರೂ ಖರ್ಚೇ ಜಾಸ್ತಿ. ಲಾಭ ಆಗೋದು ಕೆಳಗಿನ ರೈತನ ಬಾವಿಗೆ. ಆ ಲಾಭ ಯಾರ ಬ್ಯಾಲೆನ್ಸ್ ಶೀಟಿನಲ್ಲೂ ಕಾಣಲ್ಲ.

ಮೊದಲನೇ ಗುಂಪಿಗೆ ತರಬೇತಿ, ಸಾಲ ಸಾಕು. ಎರಡನೇ ಗುಂಪಿಗೆ ಬೆಲೆ ಬೇಕು. ನಮ್ಮ ಸಪ್ಲೈಯರ್ ಫಾರಂಗಳು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗತ್ವೆ.

ನಾವು ಕಟ್ಟೋ ಪೋರ್ಟಲ್‌ಗಳು

ಇಲ್ಲಿ ನಮ್ಮ ಪಾತ್ರ ಬರತ್ತೆ. ಇಂಥ ವೆಂಡರ್ ಪೋರ್ಟಲ್‌ಗಳ ಮೇಲೆ ನಾನೂ ಕೆಲಸ ಮಾಡಿದ್ದೀನಿ, ನಿಮ್ಮಲ್ಲೂ ಬಹಳ ಜನ ಮಾಡಿರ್ತೀರಿ. ಫಾರಂನಲ್ಲಿ ಒಂದು ಪ್ರಶ್ನೆ ಇರತ್ತೆ: ನಿಮ್ಮಲ್ಲಿ ಇಟಿಪಿ, ಅಂದರೆ ತ್ಯಾಜ್ಯನೀರು ಶುದ್ಧೀಕರಣ ಘಟಕ, ಇದೆಯಾ? ಹೌದು ಅಥವಾ ಇಲ್ಲ. ಹೌದು ಅಂದರೆ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಿ. ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಚುಕ್ಕಿ ಬಂತು, ಟಿಕೆಟ್ ಕ್ಲೋಸ್.

ಘಟಕ ಇರೋದು ಬೇರೆ, ಅದನ್ನ ರಾತ್ರಿ ಪಾಳಿಯಲ್ಲೂ ಓಡಿಸೋದು ಬೇರೆ. ಜೊತೆಗೆ ಆ ಫಾರಂ ತುಂಬೋದು ಹೆಚ್ಚಾಗಿ ಹೊಲಿಗೆ ಕಾರ್ಖಾನೆ, ಅಂದರೆ ಟಿಯರ್ 1. ಹೊಲಿಗೆಯಲ್ಲಿ ನೀರಿನ ಮಾಲಿನ್ಯ ಬಹಳ ಕಮ್ಮಿ. ಬಣ್ಣ ಹಾಕೋನು ಟಿಯರ್ 2, ಕಿಲೋಗೆ ಇಷ್ಟು ಅಂತ ಜಾಬ್ ವರ್ಕ್ ಮಾಡೋನು. ನೂಲು ಟಿಯರ್ 3, ಹತ್ತಿ ಬೆಳೆಯೋ ರೈತ ಅದಕ್ಕೂ ಕೆಳಗೆ. ಕೊಳೆ ಇರೋದು ಕೆಳಗಿನ ಮೆಟ್ಟಿಲಲ್ಲಿ, ಪ್ರಶ್ನೆ ಕೇಳೋದು ಮೇಲಿನ ಮೆಟ್ಟಿಲಲ್ಲಿ. ಬಾಂಗ್ಲಾದೇಶದಲ್ಲೂ ಇದೇ ಎಚ್ಚರ ಬೇಕು. ಅಲ್ಲಿ 200ಕ್ಕೂ ಹೆಚ್ಚು ಲೀಡ್ ಸರ್ಟಿಫಿಕೇಟ್ ಪಡೆದ ಉಡುಪು ಮತ್ತು ಜವಳಿ ಕಾರ್ಖಾನೆಗಳಿವೆ, ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಲೀಡ್ ಕಟ್ಟಡಕ್ಕೆ ಕೊಡೋ ಮಾನ್ಯತೆ. ಒಂದು ಕಟ್ಟಡಕ್ಕೆ ಸಿಕ್ಕಿದ್ದನ್ನ ಇಡೀ ಸರಪಳಿಗೆ ಸಿಕ್ಕ ಹಾಗೆ ಓದಬಾರದು.

ಇನ್ನೊಂದು ತಮಾಷೆ ನೋಡಿ. ನೀರು ಉಳಿಸೋಕೆ ಎವಾಪರೇಟರ್ ಓಡಿಸಿದ ಯೂನಿಟ್‌ನ ಇಂಗಾಲದ ಲೆಕ್ಕ ಏರತ್ತೆ. ಕೊಳ್ಳೋ ಕಂಪನಿ ತನ್ನ ಸ್ಕೋಪ್ 3 ಲೆಕ್ಕ, ಅಂದರೆ ಸಪ್ಲೈಯರ್‌ಗಳೂ ಸೇರಿದ ಇಂಗಾಲದ ಲೆಕ್ಕ, ಹಾಕುವಾಗ ನದಿಗೆ ನೀರು ಬಿಡದ ಯೂನಿಟ್‌ಗೆ ಕಡಿಮೆ ಮಾರ್ಕ್ಸ್ ಬೀಳಬಹುದು, ಕದ್ದು ಬಿಡೋ ಯೂನಿಟ್‌ಗೆ ಜಾಸ್ತಿ. ಇಂಗಾಲ ಒಂದನ್ನೇ ಅಳೆಯೋ ಡ್ಯಾಶ್‌ಬೋರ್ಡ್ ಪ್ರಾಮಾಣಿಕನಿಗೇ ಶಿಕ್ಷೆ ಕೊಡತ್ತೆ.

ಮಾಲಿನ್ಯ ಮಾಡಿದವರು ಅಂದರೆ ಯಾರು?

1996ರ ಆಗಸ್ಟ್‌ನಲ್ಲಿ ವೆಲ್ಲೂರಿನ ಚರ್ಮ ಹದ ಮಾಡೋ ಕಾರ್ಖಾನೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾಲಿನ್ಯ ಮಾಡಿದವರೇ ಅದರ ಬೆಲೆ ತೆರಬೇಕು ಅನ್ನೋ ತತ್ವ ನಮ್ಮ ದೇಶದ ಕಾನೂನಿನ ಭಾಗ ಅಂತ ಹೇಳಿತು. ನ್ಯಾಯವಾದ ಮಾತು. ಡೈಯಿಂಗ್ ಮಾಲೀಕರು ಪಾಪದವರು ಅಂತ ನಾನು ಹೇಳ್ತಿಲ್ಲ. ವರ್ಷಾನುಗಟ್ಟಲೆ ನೀರನ್ನ ಹಾಗೇ ಬಿಟ್ಟು ದುಡ್ಡು ಮಾಡಿದವರಿದ್ದಾರೆ, ಅದರ ಬಿಲ್ ಕಟ್ಟಿದ್ದು ರೈತರು.

ಆದರೆ ಸರಪಳಿಯಲ್ಲಿ ಒಂದು ಹೆಜ್ಜೆ ಮೇಲೆ ಹೋಗಿ. ಕಪ್ಪೇ ಬೇಕು ಅಂದಿದ್ದು ಯಾರು? ಹತ್ತು ದಿನದಲ್ಲಿ ಬೇಕು ಅಂದಿದ್ದು ಯಾರು? ಮೂರು ಕೊಟೇಶನ್ ತರಿಸಿ ಅತಿ ಕಡಿಮೆಯದ್ದಕ್ಕೇ ಆರ್ಡರ್ ಕೊಟ್ಟಿದ್ದು ಯಾರು? ಆ ಮೂರರಲ್ಲಿ ಒಬ್ಬ ಉಪ್ಪು ನೀರನ್ನ ಕುದಿಸಿ ಹರಳು ಮಾಡೋನು, ಇನ್ನೊಬ್ಬ ರಾತ್ರಿ ಮೋರಿಗೆ ಬಿಡೋನು ಆಗಿದ್ದರೆ, ಗೆಲ್ಲೋದು ಯಾರು ಅಂತ ನಾನು ಹೇಳಬೇಕಿಲ್ಲ. ವಿದೇಶಕ್ಕೆ ಹೋಗೋ ಮಾಲಿಗಾದರೂ ಬ್ರ್ಯಾಂಡಿನ ಆಡಿಟ್ ಅಂತ ಒಂದಿರತ್ತೆ. ನಮ್ಮ ಆಫೀಸ್ ಟೀ ಶರ್ಟಿಗೆ ಸಾಮಾನ್ಯವಾಗಿ ಅದೂ ಇರಲ್ಲ.

ಸೆಬಿ 2022-23ರಿಂದ ದೇಶದ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ ಅನ್ನೋ ವರದಿ ಕಡ್ಡಾಯ ಮಾಡಿದೆ. ಪರಿಸರ, ಕಾರ್ಮಿಕರು, ಆಡಳಿತ ಎಲ್ಲದರ ವಿವರ ಅದರಲ್ಲಿ ಬರಬೇಕು. ಸಪ್ಲೈಯರ್‌ಗಳ ವಿವರವನ್ನೂ ದೊಡ್ಡ ಕಂಪನಿಗಳಿಂದ ಕೇಳೋ ಯೋಜನೆ ಇತ್ತು, 2025ರಲ್ಲಿ ಅದನ್ನ ಸ್ವಇಚ್ಛೆಗೆ ಬಿಟ್ಟರು. ಹಾಗಾಗಿ ಕಾನೂನು ಕೇಳೋವರೆಗೂ ಕಾಯೋದಾದರೆ ಬಹಳ ಕಾಯಬೇಕಾಗತ್ತೆ.

ನಾವು ಏನು ಮಾಡಬಹುದು?

ಪೋರ್ಟಲ್ ಕಟ್ಟೋರಿಗೆ ಮೊದಲ ಮಾತು. ಇದೆಯಾ ಇಲ್ಲವಾ ಅನ್ನೋ ಪ್ರಶ್ನೆಯ ಜೊತೆ ಉಪ್ಪಿನ ಲೆಕ್ಕ ಕೇಳೋಕೆ ಸಲಹೆ ಕೊಡಿ. ತಿಂಗಳಿಗೆ ಎಷ್ಟು ಉಪ್ಪು ಕೊಂಡರು, ಎಷ್ಟು ವಾಪಸ್ ಪಡೆದರು, ಎಷ್ಟು ಶೆಡ್‌ನಲ್ಲಿದೆ. ಖರೀದಿ ಬಿಲ್ ಮತ್ತು ಕರೆಂಟ್ ಬಿಲ್ ಜೊತೆ ತಾಳೆ ಹಾಕಿದರೆ ಘಟಕ ಓಡ್ತಿದೆಯೋ ಇಲ್ಲವೋ ಗೊತ್ತಾಗತ್ತೆ. ಸರ್ಟಿಫಿಕೇಟ್ ತೋರಿಸಿ ಪಾರಾಗಬಹುದು, ಉಪ್ಪಿನ ತಾಳೆ ತಪ್ಪಿಸೋದು ಕಷ್ಟ. ಒಂದೇ ಮಾಹಿತಿಯನ್ನ ಹತ್ತು ಗಿರಾಕಿಗಳಿಗೆ ಹತ್ತು ಥರ ತುಂಬಿಸೋದೂ ಬೇಡ. ಸಣ್ಣ ಯೂನಿಟ್‌ನಲ್ಲಿ ಫಾರಂ ತುಂಬೋಕೆ ಬೇರೆ ಸಿಬ್ಬಂದಿ ಇರಲ್ಲ.

ಎರಡನೆಯದು, ಹಸಿರು ಚುಕ್ಕಿಯ ಪಕ್ಕದಲ್ಲೇ ಬೆಲೆ, ಗಡುವು, ಪೇಮೆಂಟ್ ದಿನ ಮೂರೂ ಕಾಣಲಿ. ಸಪ್ಲೈಯರ್ ಸ್ಕೋರ್ ಇರೋ ಹಾಗೆ ಕೊಳ್ಳೋರ ಸ್ಕೋರೂ ಇರಲಿ. ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ ಕಾನೂನಿದೆ. ತಡ ಮಾಡಿದರೆ ಆ ಖರ್ಚನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯೋಕೆ ಆ ವರ್ಷ ಬಿಡಲ್ಲ ಅನ್ನೋ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಾನಂತೂ ಸಮಯಕ್ಕೆ ದುಡ್ಡು ಕೊಡೋದನ್ನೂ ಪರಿಸರ ಕ್ರಮ ಅಂತಲೇ ಎಣಿಸ್ತೀನಿ. ಕೈಯಲ್ಲಿ ಕಾಸಿಲ್ಲದ ದಿನ ಮೊದಲು ನಿಲ್ಲೋದು ಎವಾಪರೇಟರ್.

ಮೂರನೆಯದು ಎಲ್ಲರಿಗೂ. ಮುಂದಿನ ಸಲ ಎಚ್‌ಆರ್‌ನವರೋ ಅಡ್ಮಿನ್‌ನವರೋ ಟೀ ಶರ್ಟ್ ಸೈಜ್ ಕೇಳಿ ಮೇಲ್ ಕಳಿಸಿದಾಗ, ಸೈಜ್ ಜೊತೆ ಮೂರು ಸಾಲು ಬರೀರಿ. ತಿಳಿ ಬಣ್ಣ ಆರಿಸಬಹುದಾ? ಬಣ್ಣ ಹಾಕಿದ ಯೂನಿಟ್ ಯಾವುದು, ಅದರ ನೀರು ಎಲ್ಲಿಗೆ ಹೋಗತ್ತೆ ಅಂತ ವೆಂಡರ್‌ನ ಕೇಳಬಹುದಾ? ಅದಕ್ಕೆ ಟೀ ಶರ್ಟಿಗೆ ಸ್ವಲ್ಪ ಹೆಚ್ಚು ಆಗೋದಾದರೆ ಕೊಡೋಣ್ವಾ? ಕೇಳೋಕೆ ಸಣ್ಣ ವಿಷಯ ಅನ್ನಿಸಬಹುದು. ಆದರೆ ಪರ್ಚೇಸ್ ಆರ್ಡರ್‌ನಲ್ಲಿ ಆ ಒಂದು ಸಾಲು ಬಂದ ದಿನ, ನೀರನ್ನ ಶುದ್ಧ ಮಾಡೋ ಯೂನಿಟ್‌ನವನಿಗೆ ಮೊದಲ ಸಲ ತನ್ನ ಕೊಟೇಶನ್ ಯಾಕೆ ಜಾಸ್ತಿ ಅಂತ ಹೇಳೋ ಅವಕಾಶ ಸಿಗತ್ತೆ.

ನಿಮ್ಮ ಆಫೀಸಿನಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿದರೆ, ಅಡ್ಮಿನ್‌ನವರು ಏನಂದರು ಅಂತ ನನಗೂ ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ, ನಮಸ್ಕಾರ.